ಕುಂಡಗಳ ಹಿಂದಿನ ಗೋಡೆ

ಹಳೆಯ ಮನೆಗಳ ಬಿರುಕು ನೋಡಿ, ಇಲ್ಲಿ ಇರಬಹುದೋ ಬಿಟ್ಟು ಹೋಗಬೇಕೋ ಎಂದು ಹೇಳುವುದು ನನ್ನ ಕೆಲಸ. ಇರಬಹುದು ಎಂದರೆ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ, ಬಿಡಿ ಎಂದರೆ ಏಳು ಜನ್ಮಕ್ಕೂ ಮರೆಯುವುದಿಲ್ಲ. ಈ ಸಲದ ಪ್ರವಾಸದಲ್ಲಿ ಕೊನೆಯ ಮನೆಯ ಮುದುಕಿ ಬೀದಿಯವರೆಲ್ಲ ಕೇಳುವಂತೆ ನನ್ನನ್ನು ಮನೆಮುರುಕಿ ಎಂದಳು. ನಾನು ತಲೆ ತಗ್ಗಿಸಿ ಸಹಿ ಹಾಕಿ ಬಸ್ಸು ಹತ್ತಿದೆ. ಆ ಮಾತು ಚುಚ್ಚಲಿಲ್ಲ ಎಂದರೆ ಸುಳ್ಳಾಗುತ್ತದೆ.

ನಮ್ಮ ಮನೆಯ ಗೇಟು ತೆಗೆಯುವ ಹೊತ್ತಿಗೆ ಸುಸ್ತಾಗಿ ಹಣ್ಣಾಗಿದ್ದೆ. ಬೇಕಾಗಿದ್ದದ್ದು ಇಷ್ಟೇ: ಹಿತ್ತಲಿನ ಅಂಜೂರದ ಮರದ ಕೆಳಗೆ ಕಾಲು ಚಾಚಿ ಕೂರುವುದು, ಎರಡು ದಿನ ಯಾವ ಗೋಡೆಯನ್ನೂ ನೋಡದಿರುವುದು. ಆ ಮರ ನನ್ನ ಗಂಡ ಹುಟ್ಟಿದ ವರ್ಷ ಅತ್ತೆ ನೆಟ್ಟದ್ದು. ಮಗ ಮಾತು ಕೇಳದ ದಿನ ಅವರು ಅದರ ಬುಡದಲ್ಲಿ ನಿಂತು, ಇವನಿಗಿಂತ ನೀನೇ ವಾಸಿ ಎನ್ನುತ್ತಾರೆ.

ಮಗಳು ಓಡಿಬಂದು ಚೀಲ ಕಸಿದುಕೊಂಡಳು. ಕರೆದರೂ ಏಳದ ಗಂಡ ಕೇಳದೆಯೇ ಚಹಾ ತಂದ. ಮರದ ಕೆಳಗೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಅತ್ತೆ, ನಾನು ಅರ್ಧಕ್ಕೆ ಇಳಿದಿದ್ದೇನೆ ಎಂದು ಬೈದು, ಪಕ್ಕದ ಕುರ್ಚಿ ತೋರಿಸಿದರು. ಕುರ್ಚಿಯನ್ನು ಮನೆಗೆ ಬೆನ್ನು ಮಾಡಿ ಹಾಕಿದ್ದರು. ಅತಿ ವಿನಯಂ ಧೂರ್ತ ಲಕ್ಷಣಂ ಎಂದುಕೊಂಡು ನಾನು ಹಿಂದೆ ತಿರುಗಿ ನೋಡಿದೆ.

ಗೇಟಿನ ಹತ್ತಿರ ಇರುತ್ತಿದ್ದ ಗುಲಾಬಿ ಕುಂಡಗಳೆಲ್ಲ ಮಗಳ ಕೋಣೆಯ ಗೋಡೆಗೆ ಒತ್ತಿಕೊಂಡು ನಿಂತಿದ್ದವು. ಬಿಸಿಲೇ ಬೀಳದ ಕಡೆ ಗುಲಾಬಿ ಇಡುವಷ್ಟು ದಡ್ಡರಲ್ಲ ಅತ್ತೆ. ಯಾಕೆಂದು ಕೇಳಿದೆ. ಗಂಡ ಅಮ್ಮನ ಮುಖ ನೋಡಿದ, ಅಮ್ಮ ಹುರುಳಿಕಾಯಿ ನೋಡಿದರು. ಗಿಡಗಳಿಗೆ ಸೆಕೆಯಾಗುತ್ತಿತ್ತು ಎಂದು ಮಗಳು ಹೇಳಿದಳು. ಸುಳ್ಳು ಹೇಳುವುದರಲ್ಲಿ ಅವಳು ಅಪ್ಪನಷ್ಟೇ ದಡ್ಡಿ.

ಎದ್ದುಹೋಗಿ ಒಂದು ಕುಂಡ ಎಳೆದೆ. ಮರದ ಬೇರು ನೆಲವನ್ನು ಎಬ್ಬಿಸಿಕೊಂಡು ಬಂದಿತ್ತು. ಅಲ್ಲಿಂದ ಕಿಟಕಿಯ ಕಡೆಗೆ ಓರೆಯಾಗಿ ಒಂದು ಬಿರುಕು ಹತ್ತಿತ್ತು. ಬಿರುಕು ಮುಗಿಯುವಲ್ಲಿ ಪೆನ್ಸಿಲಿನಿಂದ ಅಡ್ಡಗೆರೆ ಎಳೆಯುವುದು ನನ್ನ ಕಸುಬಿನ ಪದ್ಧತಿ. ಗೆರೆ ದಾಟಿದರೆ ಬಿರುಕು ಬೆಳೆಯುತ್ತಿದೆ ಎಂದರ್ಥ. ಇಲ್ಲಿ ಒಂದರ ಮೇಲೊಂದು ಗೆರೆಗಳಿದ್ದವು. ಕೆಳಗಿನದು ಮಗಳು ಸ್ಕೇಲು ಹಿಡಿದು ಎಳೆದದ್ದು, ಮೇಲಿನವು ಅತ್ತೆಯ ನಡುಗುವ ಕೈಯವು. ಬಿರುಕು ಎಲ್ಲವನ್ನೂ ದಾಟಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಮರ ಉಳಿಸಿಕೊಳ್ಳಲು ಇವರು ಗೋಡೆ ಮುಚ್ಚಿಟ್ಟಿದ್ದಾರೆ, ಅದರ ಆಚೆ ನನ್ನ ಮಗಳು ಮಲಗುತ್ತಾಳೆ. ಪರರ ಮನೆಯಾದರೆ ನಿಂತ ಕಾಲಲ್ಲೇ ಹೇಳಿಬಿಡುತ್ತಿದ್ದೆ. ಮರ ಕಡಿಸಿ ಎಂದು ಅತ್ತೆಗೆ ಹೇಳುವುದು ಹೇಗೆ? ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವಳಂತೆ ಒಳಗೆ ಹೋದೆ. ಮೊದಲು ಮಗಳ ಮಂಚವನ್ನಾದರೂ ಅಲ್ಲಿಂದ ಎಳೆಯಬೇಕಿತ್ತು.

ಕೋಣೆಯಲ್ಲಿ ಮಂಚ ಇರಲಿಲ್ಲ. ನೆಲದ ಮೇಲೆ ಉದುರಿದ ಸುಣ್ಣ ಮಾತ್ರ ಇತ್ತು.

"ಅವಳ ಮಂಚ ನನ್ನ ಕೋಣೇಲಿದೆ," ಎಂದರು ಬಾಗಿಲಲ್ಲಿ ನಿಂತ ಅತ್ತೆ. "ಮೊದಲನೇ ಗೆರೆ ದಾಟಿದ ದಿನಾನೇ ಎಳೆಸಿದೆ. ಮರ ಕಡಿಯೋನು ಸೋಮವಾರ ಬರ್ತಾನೆ."

"ಮತ್ತೆ ಕುಂಡ ಯಾಕೆ ಅಡ್ಡ ಇಟ್ರಿ?"

"ನೀನು ಎರಡು ದಿನ ಸುಮ್ನೆ ಕೂತ್ಕೊಳ್ಲಿ ಅಂತ." ಅವರು ಸೆರಗಿನಿಂದ ಕೈ ಒರೆಸಿಕೊಂಡರು. "ಊರೋರಿಗೆಲ್ಲ ಹೇಳಿ ಹೇಳಿ ಬರ್ತೀಯ. ನಮ್ಮನೇಲೂ ನೀನೇ ಹೇಳಬೇಕಾ? ನೆಟ್ಟೋಳು ನಾನು, ಕಡಿಸೋಳೂ ನಾನೇ ಆಗ್ಲಿ."

ಅಳು ಬಂತು. ದಾರಿಯ ಆಯಾಸ ಎಂದೆ, ಅವರು ನಂಬಿದಂತೆ ಮಾಡಿದರು.

ಹೊರಗೆ ಬಂದು ಕುಂಡವನ್ನು ಮತ್ತೆ ಅದರ ಜಾಗಕ್ಕೆ ತಳ್ಳಿದೆ. ಅವರು ಹಾಕಿದ ಕುರ್ಚಿಯಲ್ಲೇ, ಗೋಡೆಗೆ ಬೆನ್ನು ಮಾಡಿ ಕೂತೆ. ಆಗ ಎದುರಿಗೆ ಮರ ಬಂತು. ಅದನ್ನೂ ನೋಡಲಾಗದೆ, ಮತ್ತೆ ಬಂದು ಪಕ್ಕದಲ್ಲಿ ಕೂತ ಅತ್ತೆಯ ಮಡಿಲಿನಿಂದ ಒಂದು ಹಿಡಿ ಹುರುಳಿಕಾಯಿ ತೆಗೆದುಕೊಂಡು ನಾನೂ ನಾರು ತೆಗೆಯತೊಡಗಿದೆ.