ನೀಲಿಯಾಗಿಯೇ ಉಳಿದ ಮೈಲುತುತ್ತ

ಬಸವಕಲ್ಯಾಣದಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹುಡುಗರು ಆಡಿಕೊಳ್ಳುವುದು ಸುಳ್ಳೇನಲ್ಲ. ಹುಮನಾಬಾದಿನ ಕಾಲೇಜೊಂದಕ್ಕೆ ಪ್ರಾಕ್ಟಿಕಲ್ ಪರೀಕ್ಷೆ ನಡೆಸಲು ಹೋಗಿದ್ದಾಗ ಅದು ತುದಿಯಲ್ಲೂ ನಿಲ್ಲಲಿಲ್ಲ.

ಪ್ರಯೋಗ ಸುಲಭದ್ದು. ನೀಲಿ ಮೈಲುತುತ್ತದ ಹರಳನ್ನು ತೂಗಿ ಮೂಸೆಯಲ್ಲಿ ಕಾಯಿಸಬೇಕು. ಒಳಗಿನ ನೀರು ಆವಿಯಾಗಿ ಹರಳು ಬಿಳಿ ಪುಡಿಯಾಗುತ್ತದೆ. ಮತ್ತೆ ತೂಗಿ, ಕಡಿಮೆಯಾದ ತೂಕದಿಂದ ಅದರ ಸೂತ್ರದಲ್ಲಿ ನೀರಿನ ಅಣುಗಳೆಷ್ಟು ಎಂದು ಲೆಕ್ಕ ಹಾಕಬೇಕು. ಪುಸ್ತಕದ ಪ್ರಕಾರ ಐದು.

ಪಕ್ಕದ ಕೋಣೆಯಲ್ಲಿ ಇನ್ನೊಂದು ತಂಡದ ಮೌಖಿಕ ಪರೀಕ್ಷೆ ಮುಗಿಸಿ ಬಂದಾಗ ಉತ್ತರಪತ್ರಿಕೆಗಳು ಸಿದ್ಧವಾಗಿದ್ದವು. ಎಲ್ಲದರಲ್ಲೂ ಐದು. ಸುಮೇಧಾ ಎಂಬ ಹುಡುಗಿಯದರಲ್ಲಿ ಮಾತ್ರ ಕಾಯಿಸಿದ ಮೇಲಿನ ತೂಕದ ಜಾಗ ಖಾಲಿ. ಅಲ್ಲಿಯ ಅಧ್ಯಾಪಕ ಸತೀಶಕುಮಾರ ಅದಕ್ಕೆ ಸೊನ್ನೆ ಹಾಕಿ ನನ್ನ ಸಹಿಗೆ ಇಟ್ಟರು. ಸಹಿ ಬಿದ್ದರೆ ಹುಡುಗಿ ಫೇಲು. ಗ್ಯಾಸಿನ ನೆಪ ಹೇಳುತ್ತಾಳೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕರು.

ಮೇಜುಗಳ ಹತ್ತಿರ ಹೋಗಿ ನೋಡಿದೆ. ಪ್ರತಿ ಮೂಸೆಯಲ್ಲೂ ಹರಳು ನೀಲಿಯಾಗಿಯೇ ಕುಳಿತಿತ್ತು. ಬರ್ನರಿನ ನಲ್ಲಿ ತಿರುಗಿಸಿದರೆ ಬುಸ್ ಎನ್ನಲಿಲ್ಲ, ಸಿಲಿಂಡರ್ ಖಾಲಿ. ನನಗೆ ಪಿತ್ತ ನೆತ್ತಿಗೇರಿತು.

"ಎಲ್ಲಾರೂ ಐದು ಬರದಾರ. ನೀ ಯಾಕ ಬರೀಲಿಲ್ಲ?" ಎಂದು ಸುಮೇಧಾಳನ್ನು ಕೇಳಿದೆ.

ಅವಳು ತಲೆ ತಗ್ಗಿಸಲಿಲ್ಲ. "ನೀರು ಇನ್ನೂ ಹರಳಿನಾಗೇ ಅದರಿ ಮೇಡಂ. ಹೋಗ್ಯದ ಅಂತ ಹ್ಯಾಂಗ ಬರೀಲಿ?"

ಸತೀಶಕುಮಾರ ನನ್ನನ್ನು ಬದಿಗೆ ಕರೆದರು. ಇದೆಲ್ಲ ನಡೆಯುವುದೇ, ಕಾಲೇಜಿನ ಹೆಸರಿನ ಪ್ರಶ್ನೆ, ಬೇಕಿದ್ದರೆ ಅವಳನ್ನೂ ಪಾಸು ಮಾಡಿಬಿಡೋಣ ಎಂದರು. ಸುಳ್ಳು ಬರೆದವರಿಗೆ ಪೂರ್ತಿ ಅಂಕ, ಬರೆಯದವಳಿಗೆ ಭಿಕ್ಷೆ! ನಾಚಿಕೆ ಎಂಬುದು ಬೇಡವೇ? ಅವಳ ಸೊನ್ನೆಯ ಜೊತೆ ಉಳಿದವರ ಅಂಕಗಳನ್ನೂ ಹೊಡೆದುಹಾಕಿದೆ.

"ನನ್ನ ಸಹಿ ಬೇಕಾದ್ರ ಮೊದಲ ಸಿಲಿಂಡರ್ ತರಸ್ರಿ," ಎಂದೆ. "ಎಲ್ಲಾರೂ ಹೊಸದಾಗಿ ಮಾಡ್ಲಿ."

ಕ್ಯಾಂಟೀನಿನ ಸಿಲಿಂಡರ್ ಬಂತು. ಮೊದಲು ಸುಮೇಧಾ ಬರ್ನರ್ ಹೊತ್ತಿಸಿದಳು. ಹರಳು ಅಂಚಿನಿಂದ ಬೆಳ್ಳಗಾಗುತ್ತ ಬಂದಂತೆ ಉಳಿದವರು ತಮ್ಮ ಮೇಜು ಬಿಟ್ಟು ಅವಳ ಸುತ್ತ ನೆರೆದರು. ರೆಕಾರ್ಡಿನಲ್ಲಿ 'ಬಿಳಿಯಾಯಿತು' ಎಂದು ವರ್ಷವಿಡೀ ಬರೆದವರು ಇವರೇ.

"ಮೇಡಂ, ಇದು ಖರೇನೇ ಬೆಳ್ಳಗ ಆಗ್ತದೇನ್ರಿ?" ಎಂದು ಅವಿನಾಶ ಎಂಬ ಹುಡುಗ ಮೆಲ್ಲಗೆ ಕೇಳಿದ.

ಉತ್ತರ ನೀವೇ ಕೊಡಿ ಎಂದು ಉರಿಗಣ್ಣಿನಿಂದ ಸತೀಶಕುಮಾರರ ಕಡೆ ತಿರುಗಿದೆ. ಅವರೂ ಕತ್ತು ಚಾಚಿ, ಮೊದಲ ಸಲ ನೋಡುವವರ ಹಾಗೆ ಮೂಸೆಯನ್ನೇ ನೋಡುತ್ತಿದ್ದರು.