ಡಬ್ಬಿಯಲ್ಲುಳಿದ ಒಂಬತ್ತನೆಯ ರೀಲು

ಆದೋನಿಯ ಹತ್ತಿ ಮಾರುಕಟ್ಟೆಯ ಹಿಂದಿನ ಬಯಲಿಗೆ ಡೇರೆ ಸಿನಿಮಾ ಬಂತೆಂದರೆ, ಅರ್ಧ ಜನ ಪರದೆ ನೋಡಲು ಬರುತ್ತಿದ್ದರು, ಇನ್ನರ್ಧ ಚಂದ್ರಣ್ಣನ ಮಾತು ಕೇಳಲು. ಬಂದದ್ದು ಇಂಗ್ಲಿಷ್ ಚಿತ್ರವಾದರಂತೂ ಅವನಿಲ್ಲದೆ ಆಟವೇ ಇಲ್ಲ. ಬಳ್ಳಾರಿಯಲ್ಲಿ ಹೈಸ್ಕೂಲು ಮುಗಿಸಿ, ಅಪ್ಪನ ಅರಳೆ ವ್ಯಾಪಾರ ಕೈಹತ್ತದೆ, ಕೊನೆಗೆ ಈ ಕೆಲಸಕ್ಕೆ ಬಂದು ನಿಂತವನು ಅವನು. ಪರದೆಯ ಪಕ್ಕದ ಪೆಟ್ಟಿಗೆಯ ಮೇಲೆ ನಿಂತು, ತಗಡಿನ ಕಹಳೆ ಬಾಯಿಗಿಟ್ಟುಕೊಂಡು, ದೊರೆಗಳು ಆಡಿದ್ದನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದ. ಮುಂದೆ ಕೂತ ತೆಲುಗಿನವರು ಗೊಣಗಿದರೆ ಅವರಿಗೂ ತೆಲುಗಿನಲ್ಲಿ ನಾಲ್ಕು ಮಾತು ಎಸೆಯುತ್ತಿದ್ದ. ಡೇರೆಯಲ್ಲಿದ್ದದ್ದು ಒಂದೇ ಯಂತ್ರ. ಒಂದು ರೀಲು ಮುಗಿದರೆ ದೀಪ ಹತ್ತಬೇಕು, ಆಪರೇಟರ್ ದಸ್ತಗಿರಿ ಮುಂದಿನ ರೀಲು ಏರಿಸಬೇಕು. ಅಷ್ಟು ಹೊತ್ತು ಜನ ಎದ್ದು ಹೋಗದ ಹಾಗೆ ಚಂದ್ರಣ್ಣ ಕಥೆಗೆ ಒಗ್ಗರಣೆ ಹಾಕುತ್ತ ನಿಲ್ಲಬೇಕು.

ಎರಡನೆಯ ಮಹಾಯುದ್ಧ ಶುರುವಾಗಿ ಆಗ ಐದನೆಯ ವರ್ಷ. ಹೋದ ವರ್ಷ ಬಂದಿದ್ದ ಚಂದ್ರಲೋಕದ ಚಿತ್ರವೇ ಆ ವಾರ ಮತ್ತೆ ಬಂದಿತ್ತು. ಎರಡು ದೇಶದವರು ಕಬ್ಬಿಣದ ಹಡಗುಗಳಲ್ಲಿ ಹಾರಿ ಚಂದ್ರನ ಮೇಲೆ ಇಳಿಯುತ್ತಾರೆ. ಅಲ್ಲೊಂದು ಬಿಳಿ ಕಲ್ಲಿನ ಬೆಟ್ಟ. ಆ ಕಲ್ಲು ಒಂದು ಹಿಡಿ ಇದ್ದರೆ ಸಾಕು, ಒಂದೂರಿನ ಗಿರಣಿಗಳೆಲ್ಲ ವರ್ಷಗಟ್ಟಲೆ ತಿರುಗುತ್ತವೆ. ಹಿಡಿಯಲ್ಲ, ಇರುವುದು ಬೆಟ್ಟ! ಇಬ್ಬರಲ್ಲ, ಲೋಕದವರೆಲ್ಲ ಹಂಚಿಕೊಂಡರೂ ಮುಗಿಯದು. ಆದರೆ ಹಂಚಿಕೊಂಡರೆ ಅವರು ಮನುಷ್ಯರು ಹೇಗಾದಾರು? ಎರಡೂ ದೇಶದ ಸಾಹುಕಾರರು ಕೆಳಗೆ ಭೂಮಿಯಲ್ಲೇ ಬೆಚ್ಚಗೆ ಕೂತು, ಬೆಟ್ಟವೆಲ್ಲ ನಮಗೇ ಬೇಕೆಂದು ಮೇಲಕ್ಕೆ ಸೈನ್ಯ ಕಳಿಸುತ್ತಾರೆ.

ಚಿತ್ರ ಒಟ್ಟು ಒಂಬತ್ತು ರೀಲು. ಆದೋನಿಯವರು ನೋಡಿದ್ದು ಎಂಟೇ, ಒಂಬತ್ತೂ ಕಂಡವರು ಡೇರೆಯ ಒಳಗಿನವರು ಮಾತ್ರ. ಎಂಟನೆಯದರ ಕೊನೆಗೆ ಬಾವುಟ ಹಾರುತ್ತದೆ, ವಾದ್ಯ ಮೊಳಗುತ್ತದೆ, ಸೈನಿಕರು ಸಾಲುಗಟ್ಟಿ ಬೆಟ್ಟ ಹತ್ತುತ್ತಾರೆ. ಅಲ್ಲಿಗೆ ನಿಲ್ಲಿಸಬೇಕು, ಒಂಬತ್ತನೆಯದು ಡಬ್ಬಿಯಿಂದ ಹೊರಗೆ ಬರಕೂಡದು. ಇದು ಏಕಾಂತಪ್ಪ ಸಾಹುಕಾರರ ಅಪ್ಪಣೆ. ಡೇರೆ ಅವರದು, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಗಿರಣಿ ಅವರದು, ದಂಡಿನ ಬಟ್ಟೆಗೆಂದು ಹೋಗುತ್ತಿದ್ದ ಅರಳೆಯೂ ಅವರದೇ. ಎಂಟನೆಯ ರೀಲು ಮುಗಿದು ದೀಪ ಹತ್ತುವ ಹೊತ್ತಿಗೆ ಡೇರೆಯ ಬಾಗಿಲಲ್ಲಿ ಸೈನ್ಯದ ಭರ್ತಿಯ ಮೇಜು ತಯಾರಾಗಿರುತ್ತಿತ್ತು. ಒಬ್ಬ ಹವಾಲ್ದಾರ, ಎತ್ತರ ನೋಡುವ ಅಳತೆಗೋಲು, ಹೆಬ್ಬೆಟ್ಟಿನ ಮಸಿ.

"ನಮ್ಮವರು ಗೆದ್ರು ಅನ್ನು, ಮುಗಿಸಿಬಿಡು," ಎಂದಿದ್ದರು ಸಾಹುಕಾರರು. "ಹುಡುಗರ ಮೈ ಬಿಸಿ ಇರೋವಾಗ್ಲೇ ಹೆಬ್ಬೆಟ್ಟು ಬೀಳ್ಬೇಕು. ಯುದ್ಧ ನಿಂತ್ರ ನಮ್ಮ ಅರಳಿ ಯಾರು ಕೇಳ್ತಾರ?"

ಚಂದ್ರಣ್ಣ ಹಾಗೆಯೇ ಮಾಡಿದ್ದ. ಗೆದ್ದರು ಅನ್ನುವುದಷ್ಟೇ ಅಲ್ಲ, ಪುಣ್ಯಾತ್ಮ, ಕಹಳೆ ಬಿರಿಯುವಂತೆ ಕೂಗಿದ್ದ. ಹೋದ ವರ್ಷ ಅವನ ಮಾತು ಕೇಳಿ ಎದ್ದು ಹೋಗಿ ಹೆಬ್ಬೆಟ್ಟು ಒತ್ತಿದವರಲ್ಲಿ ಹತ್ತಿರದ ಹಳ್ಳಿ ಪೆದ್ದಹರಿವಾಣದ ಪಂಪಣ್ಣನೂ ಒಬ್ಬ. ಕುರಿ ಕಾಯುವ ಗಂಗಕ್ಕನ ಹಿರಿಮಗ. ಗಂಡನಿಲ್ಲದ ಆಕೆಗೆ ಇದ್ದದ್ದು ಎರಡೇ ಮಕ್ಕಳು.

ಹದಿನೈದು ದಿನದ ಹಿಂದೆ ಗಂಗಕ್ಕ ಒಂದು ಸರ್ಕಾರಿ ಕಾಗದ ಹಿಡಿದುಕೊಂಡು ನಡುಮಧ್ಯಾಹ್ನ ಡೇರೆಗೆ ಬಂದಿದ್ದಳು. ಆಕೆಯ ಊರಲ್ಲಿ ಅದನ್ನು ಓದುವವರು ಯಾರೂ ಇರಲಿಲ್ಲ. ಆದೋನಿಯಲ್ಲಿ ಇಂಗ್ಲಿಷ್ ಬಲ್ಲವರು ಬೇಕಾದಷ್ಟು ಜನ ಇದ್ದರು, ಆದರೆ ಆಕೆಗೆ ನಂಬಿಕೆ ಇದ್ದದ್ದು ಇವನೊಬ್ಬನ ಮೇಲೆ.

"ಇಂಗ್ಲೀಷ ಮಾತು ನಮಗ ತಿಳಿಯಂಗ ಹೇಳಾಂವ ನೀನೊಬ್ಬನ ನೋಡಪ್ಪ," ಎಂದು ಕಾಗದ ಚಾಚಿದ್ದಳು. "ನನ್ನ ಮಗ ಏನಂತಾನ?"

ಕಾಗದದಲ್ಲಿದ್ದದ್ದು ಮೂರೇ ಸಾಲು. ಪಂಪಣ್ಣ ಬರ್ಮಾದ ಕಾಳಗದಲ್ಲಿ ಸತ್ತಿದ್ದ. ಸಾವಿರ ಜನರೆದುರು ಗಂಟೆಗಟ್ಟಲೆ ಮಾತಾಡುವ ಚಂದ್ರಣ್ಣನ ನಾಲಿಗೆ ಒಬ್ಬ ತಾಯಿಯ ಎದುರಿಗೆ ಹೊರಳಲಿಲ್ಲ. ಮೂರು ಸಾಲು ಓದುವುದಕ್ಕೂ ಧೈರ್ಯ ಬೇಕು ನೋಡಿ, ಅದು ಅವನಲ್ಲಿರಲಿಲ್ಲ.

"ಕಾಲಿಗೆ ಗಾಯ ಆಗೈತಂತವ್ವ. ದವಾಖಾನ್ಯಾಗ ಅದಾನ. ಆರಾಮ ಆಗ್ತಾನ," ಎಂದುಬಿಟ್ಟ.

ಗಂಗಕ್ಕ ಕಾಗದವನ್ನು ಕಣ್ಣಿಗೊತ್ತಿಕೊಂಡು, ಮಡಚಿ ಎಲೆಅಡಿಕೆಯ ಚೀಲದೊಳಗಿಟ್ಟು, ಅವನಿಗೆ ಕೈಮುಗಿದು ಹೋದಳು. ಆಮೇಲೆ ಅವನಿಗೆ ಅನ್ನ ಸೇರಲಿಲ್ಲ. ಇನ್ನೊಂದು ದಿನ ಹೇಳಿದರಾಯಿತು, ಯಾರಾದರೂ ಹೇಳಿಯಾರು ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತ ದಿನ ತಳ್ಳಿದ. ಹೇಳುವುದಕ್ಕೆ ಬೇರೆ ಯಾರಿದ್ದರು?

ಆ ಸಂಜೆ ಮೊದಲ ಆಟಕ್ಕೆ ಡೇರೆ ತುಂಬಿತ್ತು. ಆಸ್ಪರಿಯಿಂದಲೂ ಗಾಡಿ ಕಟ್ಟಿಕೊಂಡು ಬಂದಿದ್ದರು. ಹಿಂದೆ ಕುರ್ಚಿಯಲ್ಲಿ ಏಕಾಂತಪ್ಪ ಸಾಹುಕಾರರು, ತಲೆಗೆ ದೊಡ್ಡ ರುಮಾಲು. ಏಳನೆಯ ರೀಲು ಮುಗಿದು ದೀಪ ಹತ್ತಿದಾಗ ಪೆಟ್ಟಿಗೆಯ ಹತ್ತಿರ ಯಾರೋ ಬಂದು ನಿಂತರು. ಗಂಗಕ್ಕ. ಪಕ್ಕದಲ್ಲಿ ಕಿರಿಮಗ ಸುಂಕಪ್ಪ, ಎಣ್ಣೆ ಹಚ್ಚಿ ತಲೆ ಬಾಚಿ, ಒಗೆದ ಅಂಗಿ ತೊಟ್ಟಿದ್ದ.

"ಚಂದ್ರಣ್ಣ, ಇವನ್ನೂ ಕರಕೊಂಡು ಬಂದೀನಪ್ಪ," ಎಂದಳು. "ಆಟ ಮುಗಿದ ಮ್ಯಾಲ ಹೆಸರು ಬರಸ್ತೀನಿ. ಅಣ್ಣನ ದಂಡಿಗೇ ಹಾಕ್ತೀವಿ ಅಂದಾರ ಹವಾಲ್ದಾರ್ರು. ಅವಂಗ ಕಾಲು ನೋವು. ನೀರು ಕೊಡಾಕ ಮನೀ ಮನುಷ್ಯಾ ಒಬ್ರು ಬ್ಯಾಡೇನು?"

"ಕುರಿ ಯಾರವ್ವ ನೋಡ್ತಾರ?" ಎಂದ ಚಂದ್ರಣ್ಣ. ಬಾಯಿಗೆ ಬಂದದ್ದು ಅದೊಂದೇ.

"ಕುರಿ ಹೋದ್ರ ಹೋಗ್ಲಿ ಬಿಡು. ಇಬ್ರೂ ಕೂಡಿ ಬರ್ತಾರ."

ಸುಂಕಪ್ಪ ನಕ್ಕ. ಅಣ್ಣನದೇ ನಗು. ಈ ಹುಡುಗ ಹೊರಟಿದ್ದದ್ದು ಸತ್ತವನ ಕಾಲಿಗೆ ಔಷಧಿ ಹಚ್ಚುವುದಕ್ಕೆ! ಹಿರಿಯನನ್ನು ಕಳಿಸಿದ್ದು ತೋರಿಸದ ರೀಲು, ಕಿರಿಯನನ್ನು ಕಳಿಸುತ್ತಿರುವುದು ಓದದ ಕಾಗದ. ಎರಡನ್ನೂ ಮುಚ್ಚಿಟ್ಟವನು ತಾನೇ. ಇನ್ನೊಂದು ರೀಲಿನ ಹೊತ್ತು ಮಾತ್ರ ಉಳಿದಿತ್ತು.

ಚಂದ್ರಣ್ಣ ಪೆಟ್ಟಿಗೆಯಿಂದಿಳಿದು ನೆಟ್ಟಗೆ ಯಂತ್ರದ ಹತ್ತಿರ ಹೋದ.

"ದಸ್ತಗಿರಿ, ಎಂಟು ಆದ ಮ್ಯಾಲ ಒಂಬತ್ತು ಹಾಕು."

ದಸ್ತಗಿರಿ ಅವನ ಮುಖ ನೋಡಿದ. "ಹುಚ್ಚು ಹಿಡೀತೇನೋ ನಿಂಗ? ಸಾವ್ಕಾರ್ರು ಇಲ್ಲೇ ಕುಂತಾರ. ನಾಳೆ ಇಬ್ರ ನೌಕ್ರೀನೂ ಹೋಗ್ತೈತಿ."

"ಪಂಪಣ್ಣ ಸತ್ತಾನ. ಆ ಕಾಗದ ನಾನು ಸುಳ್ಳು ಓದೀನಿ. ಆಕಿ ಇನ್ನೊಬ್ಬನ್ನ ಕರಕೊಂಡು ಬಂದಾಳ ನೋಡು, ಅಲ್ಲಿ."

ದಸ್ತಗಿರಿ ಆ ಕಡೆ ನೋಡಿದ. "ಯಾ ಅಲ್ಲಾ," ಎಂದ. ಬೇರೆ ಮಾತಾಡದೆ ಬಗ್ಗಿ ಕೆಳಗಿನ ಡಬ್ಬಿ ಎಳೆದುಕೊಂಡ.

ಎಂಟನೆಯ ರೀಲು ಮುಗಿದು ದೀಪ ಹತ್ತಿತು. ಸಿಳ್ಳೆ, ಚಪ್ಪಾಳೆ. ನಾಲ್ಕಾರು ಹುಡುಗರು ಬಾಗಿಲ ಕಡೆ ಎದ್ದರು, ಅವರಲ್ಲಿ ಸುಂಕಪ್ಪನೂ ಇದ್ದ.

"ಕೂಡ್ರಿ!" ಎಂದು ಕಹಳೆಯಲ್ಲಿ ಅರಚಿದ ಚಂದ್ರಣ್ಣ. "ಕಥೀ ಮುಗಿದಿಲ್ಲ. ಹ್ವಾದ ವರ್ಷ ನಾನು ನಿಮಗ ಅರ್ಧ ಕಥೀ ಹೇಳಿ ಮೋಸ ಮಾಡೀನಿ. ಇನ್ನೊಂದು ಐತಿ, ನೋಡಿ ಹೋಗ್ರಿ."

ಸಾಹುಕಾರರಿಗೆ ವಿಷಯ ಹೊಳೆಯುವ ಮೊದಲೇ ದೀಪ ಆರಿತು. ಬೆಟ್ಟ ಹತ್ತಿದ ಸೈನಿಕರ ಮೇಲೆ ಆ ಕಡೆಯ ಹಡಗುಗಳಿಂದ ಬೆಂಕಿ ಸುರಿಯಿತು. ಇವರ ಹಡಗುಗಳಿಂದ ಅವರ ಮೇಲೆ ಸುರಿಯಿತು. ಚಂದ್ರನ ಮೇಲೆ ಗಾಳಿಯಿಲ್ಲ. ಬೆನ್ನಿಗೆ ಕಟ್ಟಿದ ಉಕ್ಕಿನ ಬುಡ್ಡಿಯ ಗಾಳಿಯೇ ಗತಿ. ಕೊನೆಗೆ ಉಳಿದವರು ಇಬ್ಬರು, ಆ ಕಡೆಯವನೊಬ್ಬ, ಈ ಕಡೆಯವನೊಬ್ಬ. ಬಂದೂಕು ಬಿಸಾಡಿ, ಒಂದೇ ಬುಡ್ಡಿಯ ಗಾಳಿಯನ್ನು ಅವನಿಗೊಮ್ಮೆ ಇವನಿಗೊಮ್ಮೆ ಹಂಚಿಕೊಂಡು ಕೂತರು. ಬೆಟ್ಟ ಹಂಚಿಕೊಳ್ಳದವರು ಕಳಿಸಿದ ಹುಡುಗರು ಉಸಿರು ಹಂಚಿಕೊಂಡರು. ಬುಡ್ಡಿ ಖಾಲಿಯಾಯಿತು.

ಚಂದ್ರಣ್ಣ ಅದಕ್ಕೆ ಒಂದು ಮಾತೂ ಸೇರಿಸಲಿಲ್ಲ, ಸೇರಿಸುವ ಅಗತ್ಯವೂ ಇರಲಿಲ್ಲ.

"ಏ ದಸ್ತಗಿರಿ! ನಿಲ್ಸಲೇ ಅದನ್ನ!" ಏಕಾಂತಪ್ಪ ಸಾಹುಕಾರರು ಎದ್ದು ನಿಂತರು. ಅವರ ರುಮಾಲಿನ ನೆರಳು ಪರದೆಯ ನಡುವೆ ಬಿತ್ತು.

"ಕುಂದರ್ರೀ ಸಾವ್ಕಾರ್ರ, ಕಾಣವಲ್ದು!" ಎಂದು ನಾಲ್ಕೂ ಕಡೆಯಿಂದ ಜನ ಕೂಗಿದರು. ಅವರು ಕೂರಲಿಲ್ಲ. ಆ ನೆರಳಿನ ಪಕ್ಕದಲ್ಲೇ ಪರದೆಯ ಮೇಲೆ ಭೂಮಿಯ ಸಾಹುಕಾರನೊಬ್ಬ ಕಿಟಕಿಯಲ್ಲಿ ದುರ್ಬೀನು ಹಿಡಿದು ಚಂದ್ರನನ್ನು ನೋಡುತ್ತಿದ್ದ. ಚಂದ್ರಣ್ಣ ಕಹಳೆ ಎತ್ತಿದ.

"ಆಳು ಹೇಳ್ತಾನ, ಧಣೀ, ಹೋದವ್ರು ಒಬ್ರೂ ಉಳಿದಿಲ್ಲ ಅಂತ. ಧಣಿ ಕೇಳ್ತಾನ, ಕಲ್ಲು ಉಳಿದೈತೇನು? ಉಳಿದೈತ್ರಿ ಅಂತಾನ ಆಳು. ಹಂಗಾದ್ರ ಇನ್ನೊಂದು ಹಡಗು ಕಟ್ರಿ ಅಂತಾನ ಧಣಿ. ಇಷ್ಟ ಕಥೀ."

ದೀಪ ಹತ್ತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಏಕಾಂತಪ್ಪನವರು ಕೆಂಡವಾಗಿ, "ನಾಳಿಂದ ಈ ಕಡೆ ಮುಖ ತೋರಿಸಬ್ಯಾಡ," ಎಂದು ಹೊರಟುಹೋದರು. ಆ ಮಾತು ಚಂದ್ರಣ್ಣನ ಕಿವಿಗೆ ಬಿತ್ತೋ ಇಲ್ಲವೋ. ಅವನು ಜನರನ್ನು ತಳ್ಳಿಕೊಂಡು ಗಂಗಕ್ಕನ ಕಡೆ ನಡೆದಿದ್ದ.

ಆಕೆ ಕೂತಲ್ಲೇ ಕೂತಿದ್ದಳು. ಎಲೆಅಡಿಕೆಯ ಚೀಲ ಬಿಚ್ಚಿ ಆ ಕಾಗದ ಹೊರಗೆ ತೆಗೆದಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಕೇಳಿದಳು:

"ಆವತ್ತು ಇದನ್ನ ಎಲ್ಲೀತನಕ ಹೇಳಿದ್ದಿ?"

ಚಂದ್ರಣ್ಣ ಮಣ್ಣಿನಲ್ಲಿ ಆಕೆಯ ಎದುರು ಕುಕ್ಕರಿಸಿದ. "ಅದರಾಗ ಇದ್ದದ್ದು ಒಂದೂ ಹೇಳಿಲ್ಲವ್ವ."

"ಈಗ ಹೇಳು."

ಕಾಗದ ಇಸಿದುಕೊಂಡು, ಕಹಳೆಯಿಲ್ಲದ ದನಿಯಲ್ಲಿ ಅವನು ಓದಿದ. ಹೆಸರು, ದಂಡಿನ ನಂಬರು, ತಾರೀಖು, ಸತ್ತ ಊರು. ಮೂರು ಸಾಲನ್ನೂ ಒಂದೊಂದೇ ಮಾತು ಬಿಡಿಸಿ, ಏನನ್ನೂ ಸೇರಿಸದೆ, ಏನನ್ನೂ ಬಿಡದೆ. ಸುಂಕಪ್ಪ "ಅಣ್ಣಾ" ಎಂದು ಗೋಳೋ ಎಂದು ಅತ್ತ. ಗಂಗಕ್ಕ ಅಳಲಿಲ್ಲ. ಮಗನ ಮುಂಗೈ ಹಿಡಿದುಕೊಂಡು ಎದ್ದಳು.

"ಹ್ವಾದ ವರ್ಷ ಈ ಕಥೀ ಪೂರಾ ತೋರ್ಸಿದ್ರ ಅವ ಹೋಗ್ತಿದ್ದಿಲ್ಲ," ಎಂದಳು.

ಚಂದ್ರಣ್ಣ ತಲೆ ಎತ್ತಲಾರದೆ ಕಾಗದವನ್ನು ಚಾಚಿದ. ಆಕೆ ತೆಗೆದುಕೊಳ್ಳಲಿಲ್ಲ.

"ನಂಗ ಓದಾಕ ಬರಂಗಿಲ್ಲ. ಅದು ನಿನ್ನ ಹತ್ರಾನ ಇರ್ಲಿ. ನೀ ಓದ್ಕೊಂತಿರು."

ಮಗನ ಕೈ ಬಿಡದೆ ಆಕೆ ಭರ್ತಿಯ ಮೇಜನ್ನು ದಾಟಿ ಪೆದ್ದಹರಿವಾಣದ ದಾರಿ ಹಿಡಿದಳು.