ಹಾಲಿನ ಗಾಡಿಯಲ್ಲಿ ಬಂದ ಗೆಲುವು

ಕಿರಿಸೊಸೆಗೆ ಕಿವಿಗಳೇ ಹೊಟ್ಟೆಪಾಡು. ಕನ್ನಡಕದ ಅಂಗಡಿಯಲ್ಲಿ ಅವಳ ಕೆಲಸವೆಂದರೆ ಬಂದವರ ಕಿವಿಯ ಹಿಂದೆ ಕಡ್ಡಿ ಸರಿಯಾಗಿ ಕೂರುತ್ತದೋ ಇಲ್ಲವೋ ನೋಡುವುದು, ಕೂರದಿದ್ದರೆ ಬಿಸಿ ಮಾಡಿ ಬಗ್ಗಿಸುವುದು. ಹೀಗಾಗಿ ಅವಳು ಜನರ ಮುಖ ಮರೆತರೂ ಕಿವಿ ಮರೆಯುತ್ತಿರಲಿಲ್ಲ. ಅವಳ ಓರಗಿತ್ತಿ ಮೇಷ್ಟ್ರಮ್ಮ. ನಿವೃತ್ತಿಯಾಗಿದ್ದರೂ ತಪ್ಪು ಕಂಡಲ್ಲಿ ಕೆಂಪು ಪೆನ್ನಿಗಾಗಿ ಕೈ ತಾನಾಗಿ ಚೀಲಕ್ಕೆ ಹೋಗುತ್ತಿತ್ತು.

ಇಬ್ಬರಿಗೂ ಈಚೆಗೆ ಒಂದು ಹುಚ್ಚು ಹತ್ತಿತ್ತು. ಸುತ್ತಮುತ್ತಲ ಸಣ್ಣ ಊರುಗಳಲ್ಲಿ ಗೋಡೆಗಳ ಮೇಲೆ ಊರ ಚರಿತ್ರೆಯನ್ನು ದೊಡ್ಡದಾಗಿ ಬರೆಸುವ ಹೊಸ ಗಾಳಿ ಬೀಸಿತ್ತು. ರಜೆ ಸಿಕ್ಕಿದರೆ ಸಾಕು, ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದರು. ಹಿರಿಯವಳು ಚಿತ್ರದ ಕೆಳಗಿನ ಬರಹವನ್ನು ಮೊದಲ ಅಕ್ಷರದಿಂದ ಕೊನೆಯವರೆಗೆ ಓದಿ ಕಾಗುಣಿತ ತಿದ್ದುತ್ತಿದ್ದಳು. ಕಿರಿಯವಳು ಚಿತ್ರಗಾರ ಯಾರಿಗೂ ಹೇಳದೆ ಮೂಲೆಯಲ್ಲಿ ಸೇರಿಸಿರುತ್ತಿದ್ದ ಚೇಷ್ಟೆಗಳನ್ನು ಹುಡುಕುತ್ತಿದ್ದಳು. ಒಂದೂರಿನಲ್ಲಿ ಸೇತುವೆ ಉದ್ಘಾಟನೆಯ ಗಣ್ಯರ ಸಾಲಿನಲ್ಲಿ ಒಂದು ನಾಯಿಯೂ ಗಂಭೀರವಾಗಿ ಕುಳಿತಿದ್ದುದನ್ನು ಮೊದಲು ಕಂಡವಳು ಅವಳೇ.

ಆ ಭಾನುವಾರ ಅವರು ಹೊರಟದ್ದು ಬೇರೆಲ್ಲಿಗೋ. ಅರ್ಧ ದಾರಿಯಲ್ಲಿ ಬಸ್ಸು ಕೆಮ್ಮಿ ಕೆಮ್ಮಿ ನಿಂತಿತು. ಡ್ರೈವರ್ ಇಳಿದು, ಇಂಜಿನ್ನಿನ ಮುಖ ನೋಡಿ, "ಇದು ಸಂಜೆ ತನಕ ಏಳಲ್ಲ" ಅಂದುಬಿಟ್ಟ. ಹತ್ತಿರದಲ್ಲೊಂದು ಊರು ಕಂಡಿತು. ಅದರ ಮೊದಲ ಗೋಡೆಯ ಮೇಲೇ ಬಣ್ಣ.

"ಹಸಿದವನಿಗೆ ಹಳಸಿದ್ದೇ ಗತಿ, ಬಾ ಇದನ್ನೇ ನೋಡೋಣ" ಎಂದಳು ಹಿರಿಯವಳು.

ಹಳಸಿದ್ದೇನೂ ಆಗಿರಲಿಲ್ಲ. ಹಳೇ ಗೋದಾಮಿನ ಉದ್ದದ ಗೋಡೆಯ ತುಂಬ ಓಟದ ಪಂದ್ಯವೊಂದು ಓಡುತ್ತಿತ್ತು. ಚಡ್ಡಿ ತೊಟ್ಟ ಗಂಡಸರು ನಾಲಿಗೆ ಹೊರಗೆ ಹಾಕಿಕೊಂಡು ಏರು ಹತ್ತುತ್ತಿದ್ದರು. ಅವರ ಪಕ್ಕದಲ್ಲೇ ಒಂದು ಹಾಲಿನ ಕುದುರೆಗಾಡಿ, ಅದನ್ನು ಹೊಡೆಯುತ್ತಿದ್ದವನು ಒಬ್ಬ ಮೀಸೆಯವನು. ಅದರಲ್ಲಿ ಸಾಲಾಗಿ ಕ್ಯಾನುಗಳು. ಕ್ಯಾನುಗಳ ನಡುವೆ ಗೋಣಿಚೀಲ ಹೊದ್ದು ಮುದುಡಿ ಕೂತಿದ್ದ ಒಬ್ಬ ಓಟಗಾರ. ತುಟಿಯ ಮೇಲೆ ಬೆಳ್ಳಗೆ ಕೆನೆ ಬೇರೆ.

ಹಿರಿಯವಳು ಬಿದ್ದು ಬಿದ್ದು ನಕ್ಕಳು. ಕಿರಿಯವಳು ನಗಲಿಲ್ಲ. ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋದಳು.

"ಅಕ್ಕಾ, ಆ ಕಿವಿ ನೋಡಿ."

"ಏನಾಯ್ತು ಕಿವಿಗೆ?"

"ಎಡಗಿವಿ ಮೊರದ ಹಾಗೆ ಮುಂದಕ್ಕೆ ಬಾಗಿದೆ. ಬಲಗಿವಿ ತುದೀಲಿ ಚಿವುಟಿದ ಹಾಗಿದೆ. ಇಂಥ ಜೋಡಿಗೆ ನಾನು ಮೂರು ಸಲ ಕಡ್ಡಿ ಬಗ್ಗಿಸಿದೀನಿ. ಒಂದು ನಮ್ಮನೆಯವರದ್ದು, ಒಂದು ಭಾವನವರದ್ದು..."

ಮೂರನೆಯದನ್ನು ಅವಳು ಹೇಳಬೇಕಾಗಲಿಲ್ಲ. ಹಿರಿಯವಳ ನಗು ಬಾಯಲ್ಲೇ ಒಣಗಿತು.

ಮಾವನವರು ತೀರಿಕೊಂಡು ವರ್ಷಗಳಾಗಿದ್ದವು. ಆದರೂ ಮನೆಯಲ್ಲಿ ಅವರ ಮಾತೇ ನಡೆಯುತ್ತಿತ್ತು. ನಡುಮನೆಯ ಕಪಾಟಿನಲ್ಲಿ ಅವರು ಓಟದಲ್ಲಿ ಗೆದ್ದ ಕಪ್ಪಿತ್ತು. ಗೆದ್ದದ್ದು ಎಲ್ಲಿ ಎಂದು ಕೇಳಿದರೆ, "ಕೆಲಸಕ್ಕೆ ಸೇರಿದ ಹೊಸದರಲ್ಲಿ, ಎಲ್ಲೋ ಒಂದೂರಲ್ಲಿ" ಎನ್ನುತ್ತಿದ್ದರು. ಮಕ್ಕಳು ಅಂಕ ಕಡಿಮೆ ತಂದರೆ, ಸೊಸೆಯರು ಸಾರಿಗೆ ನೀರು ಬೆರೆಸಿದರೆ, ಆ ಕಪ್ಪಿನ ಕಡೆ ಬೆರಳು ತೋರಿಸಿ, "ಅಡ್ಡದಾರಿ ಹಿಡಿದವನಿಗೆ ಅನ್ನ ಮೈಗೆ ಹತ್ತಲ್ಲ" ಎಂದು ಶುರು ಮಾಡಿದರೆ ಅನ್ನ ಆರಿ ಹೋಗುತ್ತಿತ್ತು. ಹಿರಿಯವಳಂತೂ ತರಗತಿಯಲ್ಲಿ ಎಷ್ಟೋ ಮಕ್ಕಳಿಗೆ ಆ ಓಟದ ಕಥೆ ಹೇಳಿ ಕಣ್ಣೊರೆಸಿಕೊಂಡಿದ್ದಳು.

"ಒಂದೇ ಥರ ಕಿವಿ ಇರೋರು ಲೋಕದಲ್ಲಿ ಬೇಕಾದಷ್ಟು ಜನ ಇರ್ತಾರೆ" ಎಂದಳು. ದನಿಯಲ್ಲಿ ಜೀವವಿರಲಿಲ್ಲ.

ಪಕ್ಕದ ಗೋಡೆಯ ಮೇಲೆ ಏಣಿ ಹಾಕಿಕೊಂಡು ಕೆಲಸ ಮಾಡುತ್ತಿದ್ದವನೇ ಚಿತ್ರಗಾರ. ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದವನಂತೆ. ಕೇಳಿದ್ದೇ ತಡ, ಕುಂಚ ಕಿವಿಗೆ ಸಿಕ್ಕಿಸಿಕೊಂಡು ಇಳಿದು ಬಂದ.

"ಅದಾ? ನಮ್ಮೂರ ಎಲ್ಲಾ ಗೋಡೆಗಿಂತ ಜನ ನಿಂತು ನೋಡೋದು ಅದನ್ನೇ. ಇಲ್ಲಿ ಸ್ಟೇಷನ್ನಲ್ಲಿ ಗುಮಾಸ್ತ ಆಗಿದ್ದನಂತೆ ಒಬ್ಬ. ಏರು ಶುರುವಾದ ಕಡೆ ಹಾಲಿನ ಗಾಡಿ ಹತ್ತಿದ, ಕೊನೇ ತಿರುವಲ್ಲಿ ಇಳಿದ, ಓಡಿ ಹೋಗಿ ಕಪ್ ಹೊಡೆದ. ಹಾಲಿಗೆ ಅಂತ ಬಾಗಿಲಲ್ಲಿ ನಿಂತಿದ್ದ ಹೆಂಗಸರೆಲ್ಲ ಕಣ್ಣಾರೆ ನೋಡಿದ್ರು."

"ಮತ್ತೆ ಯಾರೂ ಹೇಳ್ಲಿಲ್ವಾ?"

"ತೀರ್ಪುಗಾರರು ಹೆಂಗಸರನ್ನ ಕೇಳ್ಬೇಕಲ್ಲ! ಗಂಡಸರ ಕಿವಿಗೆ ಬೀಳೋ ಹೊತ್ತಿಗೆ ಅವನಿಗೆ ವರ್ಗ ಆಗಿತ್ತು. ಮುಖ ಹೆಂಗಿತ್ತು ಅಂತ ಅಜ್ಜಿಯಂದಿರನ್ನ ಕೇಳ್ದೆ. ಮುಖ ಒಬ್ಬರಿಗೂ ನೆನಪಿಲ್ಲ. ಕಿವಿ ಮಾತ್ರ ಎಲ್ಲರೂ ಒಂದೇ ಥರ ಹೇಳಿದ್ರು."

ಕಿರಿಯವಳು ಸದ್ದಿಲ್ಲದೆ ಫೋಟೊ ಹೊಡೆದುಕೊಂಡಳು. ವಾಪಸು ಬರುವಾಗ ಹಿರಿಯವಳು ಅವಳ ಕೈಮೇಲೆ ಕೈಯಿಟ್ಟು ಆಣೆ ಹಾಕಿಸಿಕೊಂಡಳು. "ಅತ್ತೆ ಕಿವಿಗೆ ಬಿದ್ರೆ ಎದೆ ಒಡೆದುಕೊಂಡು ಬಿಡ್ತಾರೆ. ದೇವರಂಥ ಗಂಡ ಅಂತ ನಂಬಿದಾರೆ. ನಿನ್ನ ಬಾಯಿಗೆ ಬೀಗ."

ಕಿರಿಯವಳ ಬಾಯಿಗೇನೋ ಬೀಗ ಬಿತ್ತು. ಆದರೆ ಚೇಷ್ಟೆಗೆ ಬೀಗ ಬೀಳಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಗಂಡಸರಿಬ್ಬರೂ ಇರಲಿಲ್ಲ. ಅತ್ತೆ ಗೋಡೆಗೊರಗಿ ಕೂತು, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಕಿರಿಯವಳು ಪಾತ್ರೆ ಎತ್ತಿ, ಮುಗ್ಧೆಯ ಹಾಗೆ ಕೇಳಿದಳು:

"ಅಕ್ಕಾ, ಅನ್ನಕ್ಕೆ ಹಾಲು ಹಾಕ್ಲಾ?"

ಹಿರಿಯವಳು ತುಟಿ ಬಿಗಿಹಿಡಿದು ತಲೆ ಅಲ್ಲಾಡಿಸಿದಳು.

"ಒಂಚೂರು. ಕೆನೆ ಇದೆ."

ಆಣೆ ಹಾಕಿಸಿಕೊಂಡವಳೇ ಸೋತಳು. ನಗು ಮೂಗಿನಿಂದ ನುಗ್ಗಿತು, ಬಾಯಲ್ಲಿದ್ದ ತುತ್ತು ತಟ್ಟೆ ದಾಟಿ ಚೆಲ್ಲಿತು. ಕೆಮ್ಮು, ಕಣ್ಣೀರು, ಬಿಕ್ಕಳಿಕೆ. ಕಿರಿಯವಳು ಅವಳ ಬೆನ್ನು ತಟ್ಟುತ್ತ ತಾನೂ ನೆಲಕ್ಕೆ ಕುಸಿದಳು.

"ಏನ್ರೇ ಅದು, ಇಷ್ಟು ವಯಸ್ಸಾದ್ರೂ ಕೋತಿಗಳ ಹಾಗೆ?" ಎಂದರು ಅತ್ತೆ. "ನನಗೂ ಹೇಳ್ರೇ, ನಾನೂ ನಗ್ತೀನಿ. ಈ ಮನೇಲಿ ನಗೋಕೇನು ರಾಶಿ ಬಿದ್ದಿದೆ?"

ಕಿರಿಯವಳು ಫೋನು ತೆಗೆದು ಆ ಫೋಟೊ ತೆರೆದಳು. ಬೇಡ ಬೇಡವೆಂದು ಹಿರಿಯವಳು ಕೈ ಆಡಿಸುತ್ತಿದ್ದಂತೆಯೇ ಅತ್ತೆ ಅದನ್ನು ಕಸಿದುಕೊಂಡರು. ಕನ್ನಡಕ ಏರಿಸಿ ನೋಡಿದರು. ಬಹಳ ಹೊತ್ತು ನೋಡಿದರು. ಹಿರಿಯವಳು ಲೋಟಕ್ಕೆ ನೀರು ಬಗ್ಗಿಸಿಟ್ಟುಕೊಂಡಳು, ಅತ್ತೆಗೆ ತಲೆ ಸುತ್ತಿದರೆ ಇರಲಿ ಎಂದು.

"ಇದ್ಯಾರೇ ಗಾಡಿ ಹೊಡೀತಿರೋ ಮೀಸೆಯವನು?" ಎಂದರು ಅತ್ತೆ.

"ಹಾಲಿನವರಂತೆ, ಅತ್ತೆ."

"ಯಾವ ಕಣ್ಣಿಲ್ಲದವನು ಬರೆದಿದ್ದು? ನಮ್ಮಪ್ಪನಿಗೆ ಮೀಸೆ ಯಾವತ್ತಿತ್ತು? ಆವತ್ತು ಅಪ್ಪನಿಗೆ ಜ್ವರ. ಗಾಡಿ ಹೊಡೆದಿದ್ದು ನಾನು!"

ಅತ್ತೆಯ ತವರು ಪೇಟೆ ಎಂದೇ ಎಲ್ಲರೂ ತಿಳಿದಿದ್ದರು. ಅವರಪ್ಪ ಆ ಊರಿನ ಹಾಲಿನ ವ್ಯಾಪಾರ ಬಿಟ್ಟು ಪೇಟೆಗೆ ಹೋಗಿದ್ದು ಅತ್ತೆಯ ಮದುವೆಯ ಹೊಸದರಲ್ಲಿ ಎಂದು ಈಗ ತಿಳಿಯಿತು. ಅತ್ತೆ ಎಣ್ಣೆಗೈಯಲ್ಲೇ ಆ ಬೆಳಗನ್ನು ಹೇಳುತ್ತ ಹೋದರು. ಏರಿನ ಬುಡದಲ್ಲಿ ಮಾವನವರು ಒಂದು ಕಲ್ಲಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದರಂತೆ, ಮುಖ ಬಿಳಚಿಕೊಂಡಿತ್ತಂತೆ. "ಹತ್ರೀ, ಇಲ್ದಿದ್ರೆ ಇಲ್ಲೇ ಪ್ರಾಣ ಹೋಗತ್ತೆ" ಎಂದು ಅತ್ತೆಯೇ ಹತ್ತಿಸಿಕೊಂಡು, ಕುಡಿಯಲು ಹಾಲು ಕೊಟ್ಟರಂತೆ.

"ಕೊನೇ ತಿರುವಲ್ಲಿ, ಮನೆಗೆ ಹೋಗ್ತೀನಿ, ಸಾಕು ಅಂದ್ರು. ಮುಂದೆ ಒಬ್ಬನೂ ಇಲ್ಲ, ಓಡಿ, ಗೆಲ್ತೀರಿ ಅಂತ ಹಿಂದಿನಿಂದ ದಬ್ಬಿದ್ದೂ ನಾನೇ. ಮಾರನೇ ದಿನ ಕಪ್ ವಾಪಸ್ ಕೊಡ್ತೀನಿ ಅಂತ ಬಂದು ನಿಂತ್ರು. ಕೊಟ್ರೆ ನಿಮ್ಮನ್ನ ಮದುವೆ ಆಗಲ್ಲ ಅಂದೆ. ಅವರಿನ್ನೂ ಕೇಳೇ ಇರಲಿಲ್ಲ, ನೋಡು!"

"ಅತ್ತೆ! ಮತ್ತೆ ಆ ಅಡ್ಡದಾರಿ ಭಾಷಣ?" ಹಿರಿಯವಳ ದನಿ ಹೊರಟಿತು.

"ನಿಮಗೆ ಹೇಳ್ತಿದ್ರು ಅಂದ್ಕೊಂಡ್ಯಾ? ಹೇಳುವಾಗೆಲ್ಲ ಓರೆಗಣ್ಣಲ್ಲಿ ನೋಡ್ತಿದ್ದದ್ದು ನನ್ನನ್ನ. ಪಾಪ, ಅಷ್ಟು ಬಿಟ್ಟು ಅವರಿಗೆ ನನ್ನನ್ನ ಬಯ್ಯೋ ಧೈರ್ಯ ಎಲ್ಲಿತ್ತು?" ಅತ್ತೆಯ ಕಣ್ಣು ತುಂಬಿತು, ಬಾಯಿ ನಗುತ್ತಲೇ ಇತ್ತು. ಸೆರಗಿನಿಂದ ಫೋನಿನ ಮೇಲಿನ ಎಣ್ಣೆ ಒರೆಸಿದರು. "ಬರೋ ಭಾನುವಾರ ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗಿ. ಮಂಡಿ ನೋವು ನಾನು ನೋಡ್ಕೋತೀನಿ."

ಕರೆದುಕೊಂಡು ಹೋದರು. ಗೋಡೆಯ ಮುಂದೆ ಅತ್ತೆ ಊರುಗೋಲಿನಿಂದ ಗಾಡಿ ಹೊಡೆಯುವವನ ಮೀಸೆ ತೋರಿಸಿ, "ಇದನ್ನ ಕೆರೆದು ತೆಗಿಯಪ್ಪಾ, ಗಾಡಿ ಹೊಡೆದಿದ್ದು ನಾನು" ಎಂದರು.

ಚಿತ್ರಗಾರ ತಲೆ ತುರಿಸಿಕೊಂಡ. "ಹಾಲಿನವರು ಅಂದಿದ್ರು, ಗಂಡಸು ಅಂದ್ಕೊಂಡೆ. ಗೋಡೆ ಬರೆಸೋ ಕಮಿಟಿಯವರನ್ನ ಕೇಳ್ಬೇಕಾಗತ್ತೆ ಅಮ್ಮಾ."

"ಕೇಳು. ಅವರಲ್ಲಿ ಯಾರಾದ್ರೂ ಆವತ್ತು ಗಾಡೀಲಿ ಇದ್ರಾ ಅಂತಾನೂ ಕೇಳು."

ಅವನು ಅವರ ಮುಖ ನೋಡಿದ, ಕಿರಿಯವಳ ಮುಖ ನೋಡಿದ. ಕಿರಿಯವಳು ಹೌದೆಂದು ತಲೆ ಆಡಿಸಿದಳು. ಒಳಗಿನಿಂದ ಒಂದು ಸ್ಟೂಲು ತಂದು ಹಾಕಿ, ಕೆರೆಯುವ ತಗಡು ಕೈಗೆತ್ತಿಕೊಂಡ. ಅತ್ತೆ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ, ಲಗಾಮು ಹಿಡಿದವರ ಹಾಗೆ ಎರಡು ಮುಷ್ಟಿ ಮುಂದೆ ಚಾಚಿ ಕೂತರು. ಚರ್ಮದ ಸುಕ್ಕು ಬಿಡಬೇಕು, ಜಡೆ ಉದ್ದ ಇರಬೇಕು, ಕುದುರೆ ಇಷ್ಟು ಬಡಕಲು ಇರಲಿಲ್ಲ, ಅಪ್ಪ ಅದಕ್ಕೆ ಚೆನ್ನಾಗಿ ಹುರುಳಿ ಹಾಕುತ್ತಿದ್ದ ಎಂದು ಒಂದೊಂದಾಗಿ ಅಪ್ಪಣೆಗಳು ಹೊರಟವು. ಹೋಗಿ ಬರುವವರು ನಿಂತರು. ಹಿರಿಯವಳು, ಗುಂಪಿಗೆಲ್ಲ ಕೇಳುವಂತೆ, ತನ್ನ ತರಗತಿಯ ದನಿಯಲ್ಲಿ ಓಟದ ಕಥೆ ಹೇಳತೊಡಗಿದಳು. ಈ ಸಲ ಗಾಡಿಯನ್ನೂ ಸೇರಿಸಿ.

ಸಂಜೆಯ ಬಸ್ಸು ದೂರದಲ್ಲಿ ಹಾರ್ನ್ ಹೊಡೆಯಿತು. ಚಿತ್ರಗಾರ ಕಣ್ಣು ಮುಗಿಸಿ ಮೂಗಿಗೆ ಬಂದಿದ್ದ. ಅತ್ತೆ ಎದ್ದು ಬಂದು ಗೋಡೆ ನೋಡಿದರು.

"ನನ್ನ ಮೂಗು ಇಷ್ಟು ದೊಡ್ಡದಾ?"

ಸೊಸೆಯರಿಬ್ಬರೂ ಆಕಾಶ ನೋಡಿದರು.

"ಚಿಕ್ಕದು ಮಾಡು" ಎಂದು ಅತ್ತೆ ಮತ್ತೆ ಸ್ಟೂಲಿಗೆ ಹೋಗಿ ಕೂತರು. ಬಸ್ಸು ಇವರಿಲ್ಲದೆ ಹೊರಟುಹೋಯಿತು.